ಅರಬ್ಬಿ ಹಾಡು ಬಾಯಿಗೆ ಬರುತ್ತದೆ, ಪದ ಕಿವಿಗೆ ಸಿಗುವುದಿಲ್ಲ

ಪ್ರಶ್ನೆ: ಏಳನೇ ತರಗತಿಯ ಮಕ್ಕಳು ಹಾಡನ್ನು ಬಾಯಿಪಾಠ ಹೇಳುತ್ತಾರೆ, ಅದೇ ಪದ ಮಾತಿನಲ್ಲಿ ಬಂದರೆ ಗುರುತಿಸುವುದಿಲ್ಲ. ಏನು ಮಾಡಲಿ?

ಉತ್ತರ 1: ಹಾಡಿನ ಹಾಳೆ ಮೊದಲೇ ಕೊಡಬೇಡಿ ಸರ್, ಕಿವಿಯ ಕೆಲಸ ಕಣ್ಣು ಮಾಡಿಬಿಡುತ್ತದೆ. ಎರಡು ನಿಮಿಷದ ಹಾಡು, ಆರೇಳು ಹೊಸ ಪದ ಸಾಕು. ಮೊದಲ ಸಲ ಬರೀ ಕೇಳಲಿ. ಎರಡನೇ ಸಲ ಪದ ಬಂದಾಗ ಚಿತ್ರದ ಚೀಟಿ ಎತ್ತಲಿ. ಆಮೇಲೆ ಬಿಟ್ಟ ಸ್ಥಳ ತುಂಬಲಿ. ಕೊನೆಗೆ ಅವೇ ಪದಗಳನ್ನು ರಾಗವಿಲ್ಲದೆ ಬೇರೆ ವಾಕ್ಯದಲ್ಲಿ ಹೇಳಿ. ನಿಮ್ಮಲ್ಲಿ ತಪ್ಪಿರುವುದು ಬಹುಶಃ ಈ ಹೆಜ್ಜೆಯೇ.

ಉತ್ತರ 2: ರಾಗ ಹ್ರಸ್ವವನ್ನೂ ಎಳೆಯುತ್ತದೆ. ‘ಕತಬ’ ಎಂದರೆ ಬರೆದನು; ‘ಕಾತಬ’ ಎಂದರೆ ಪತ್ರವ್ಯವಹಾರ ಮಾಡಿದನು. ಇಂಥವನ್ನು ಚಪ್ಪಾಳೆ ತಟ್ಟಿ ಬೇರ್ಪಡಿಸಿ.

ಉತ್ತರ 3: ಈಜಿಪ್ಟಿನ ಸಿನಿಮಾ ಹಾಡು ಸದ್ಯಕ್ಕೆ ಬೇಡ. ಕೈರೋ ಆಡುಮಾತಿನಲ್ಲಿ ‘ಜಮೀಲ್’ ‘ಗಮೀಲ್’ ಆಗುತ್ತದೆ, ‘ಕಲ್ಬ್’ (ಹೃದಯ) ‘ಅಲ್ಬ್’ ಆಗುತ್ತದೆ. ಪಠ್ಯದ ಫುಸ್ಹಾ (ಶಿಷ್ಟ ಅರಬ್ಬಿ) ಕಲಿಯುವ ಮಕ್ಕಳು ಕಂಗಾಲು!