ತೋಟದ ಬಾವಿಯಲ್ಲಿ ತಾಮ್ರ: ಅಡಿಕೆ ಸಿಪ್ಪೆಯ ಇದ್ದಿಲು ಉಪಯೋಗಕ್ಕೆ ಬರುವುದೇ?

ಶಿರಸಿ ಸಮೀಪದಿಂದ:
ನಮ್ಮ ಬಾವಿ ಅಡಿಕೆ ತೋಟದ ತಗ್ಗಿನಲ್ಲಿದೆ. ಕೊಳೆರೋಗಕ್ಕೆಂದು ಅಜ್ಜನ ಕಾಲದಿಂದಲೂ ಪ್ರತಿ ಮಳೆಗಾಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತ ಬಂದಿದ್ದೇವೆ. ಈ ವರ್ಷ ನೀರನ್ನು ಪರೀಕ್ಷೆಗೆ ಕೊಟ್ಟಾಗ ತಾಮ್ರ ಲೀಟರಿಗೆ 0.4 ಮಿಲಿಗ್ರಾಂ ಇರುವುದು ತಿಳಿಯಿತು. ಸಸ್ಯಮೂಲದ ಇದ್ದಿಲು, ಅಂದರೆ ಬಯೋಚಾರ್, ಲೋಹಗಳನ್ನು ಹಿಡಿದಿಡುತ್ತದೆಂದು ಕೇಳಿದ್ದೇನೆ. ಅಂಗಳದಲ್ಲಿ ರಾಶಿ ಬಿದ್ದಿರುವ ಸಿಪ್ಪೆಯಿಂದ ಅದನ್ನು ಮಾಡಿಕೊಂಡವರಿದ್ದರೆ ದಯವಿಟ್ಟು ಅನುಭವ ತಿಳಿಸಿ.

ಕಾರವಾರದಿಂದ, ರಸಾಯನಶಾಸ್ತ್ರ ಕಲಿಸುವವಳು:
ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು; ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ವರೆಗೆ ಸಡಿಲಿಕೆಯಿದೆ. ಆದ್ದರಿಂದ ಗಾಬರಿಯಾಗುವ ಸ್ಥಿತಿಯಲ್ಲ, ಅಲಕ್ಷಿಸುವ ಸ್ಥಿತಿಯೂ ಅಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವೇ ಇರುತ್ತದೆ, ಅದು ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುವಲ್ಲ.

ಗಾಳಿಯಾಡದಂತೆ ಸುಟ್ಟ ಸಸ್ಯದ ಇದ್ದಿಲಿನ ಮೈಮೇಲೆ ಆಮ್ಲಜನಕ ಕೂಡಿದ ಅಣುಗುಂಪುಗಳು ಉಳಿದುಕೊಳ್ಳುತ್ತವೆ. ಧನ ವಿದ್ಯುದಂಶವುಳ್ಳ ತಾಮ್ರ, ಸೀಸ, ಕ್ಯಾಡ್ಮಿಯಂ ಅಯಾನುಗಳು ಬಂದು ಅಲ್ಲಿಗೆ ಅಂಟಿಕೊಳ್ಳುತ್ತವೆ, ಜೊತೆಗೆ ಇದ್ದಿಲಿನ ಬೂದಿ ನೀರನ್ನು ಕ್ಷಾರೀಯಗೊಳಿಸುವುದರಿಂದ ಒಂದಷ್ಟು ಲೋಹ ಗಸಿಯಾಗಿ ಇಳಿಯುತ್ತದೆ. ಆರ್ಸೆನಿಕ್‌ಗೆ ಈ ಉಪಾಯ ಅಷ್ಟಾಗಿ ಒಗ್ಗದು, ಏಕೆಂದರೆ ಅದು ನೀರಿನಲ್ಲಿ ಹೆಚ್ಚಾಗಿ ಋಣ ಅಯಾನಾಗಿರುತ್ತದೆ. ಅದಕ್ಕೆ ಕಬ್ಬಿಣ ಲೇಪಿಸಿದ ಇದ್ದಿಲು ಬೇಕು. ಅದೃಷ್ಟಕ್ಕೆ ನಿಮ್ಮದು ತಾಮ್ರ.

ಸಿದ್ದಾಪುರದಿಂದ:
ನಾನು ಮಾಡಿ ನೋಡಿದ್ದೇನೆ. ಮೊದಲ ಸಲ ಡ್ರಮ್ಮಿನ ಮುಚ್ಚಳ ಸರಿಯಾಗಿ ಕೂರದೆ ಒಂದು ಗಾಡಿ ಸಿಪ್ಪೆ ಪೂರ್ತಿ ಬೂದಿಯಾಯಿತು, ಮನೆಯವರ ನಗೆಪಾಟಲಿಗೂ ಈಡಾದೆ. ಎರಡನೆಯ ಸಲ ಇದ್ದಿಲೇನೋ ಸಿಕ್ಕಿತು, ಆದರೆ ಅಡಿಕೆ ಸಿಪ್ಪೆಯದು ಬಹಳ ಹಗುರ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ನೀರಿನ ದಾರಿಯನ್ನೇ ಕಟ್ಟುತ್ತದೆ. ಕೊನೆಗೆ ತೆಂಗಿನ ಕರಟದ ಇದ್ದಿಲನ್ನು ಜೋಳದ ಕಾಳಿನಷ್ಟು ಗಾತ್ರಕ್ಕೆ ಕುಟ್ಟಿ, ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಮರಳಿನ ಎರಡು ಪದರಗಳ ನಡುವೆ ಹಾಕಿದೆ. ನೀರು ಸಣ್ಣ ಎಳೆಯಾಗಿ ನಿಧಾನಕ್ಕೆ ಇಳಿಯಬೇಕು. ನಲ್ಲಿ ಪೂರ್ತಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಆರಂಭದಲ್ಲಿ ತಾಮ್ರ ಚೆನ್ನಾಗಿ ಕಡಿಮೆಯಾಯಿತು, ಆದರೆ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿದಾಗ ಸೋಸಿದ ನೀರಿಗೂ ಬಾವಿಯ ನೀರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇದ್ದಿಲು ತುಂಬಿಹೋದದ್ದು ಬಣ್ಣದಲ್ಲಾಗಲಿ ರುಚಿಯಲ್ಲಾಗಲಿ ತಿಳಿಯುವುದಿಲ್ಲ.

ಅಂಕೋಲೆಯಿಂದ:
ನಿಮ್ಮ ನೀರಿನಲ್ಲಿ ಕಬ್ಬಿಣವೂ ಇದೆಯೇ ನೋಡಿ. ನಮ್ಮ ಕೊಳವೆಬಾವಿಯ ನೀರು ಕೊಡದಲ್ಲಿ ನಿಂತರೆ ಕೆಂಪಾಗುತ್ತದೆ. ಆ ಕೆಸರು ಇದ್ದಿಲಿನ ಮೈಗೆ ಮೆತ್ತಿಕೊಂಡು ಬೇಗ ಕೆಡಿಸಿತು. ಈಗ ನೀರನ್ನು ಮೊದಲು ತೂತಿನ ತಟ್ಟೆಯಿಂದ ತುಂತುರಾಗಿ ಬೀಳಿಸಿ, ಗಾಳಿ ತಾಗಿದ ಕಬ್ಬಿಣ ತಳಕ್ಕಿಳಿದ ಮೇಲೆ ಮರಳಿನಲ್ಲಿ ಸೋಸಿ, ಆನಂತರವೇ ಇದ್ದಿಲಿಗೆ ಬಿಡುತ್ತೇವೆ.

ಶಿರಸಿ ಸಮೀಪದಿಂದ:
ಎಲ್ಲರಿಗೂ ಕೃತಜ್ಞತೆಗಳು. ಕರಟದಿಂದಲೇ ಆರಂಭಿಸುತ್ತೇನೆ. ಬಳಸಿ ಮುಗಿದ ಇದ್ದಿಲನ್ನು ಮರದ ಬುಡಕ್ಕೆ ಹಾಕಬಹುದೇ?

ಕಾರವಾರದಿಂದ:
ಬೇಡ. ನಮ್ಮ ಜಂಬಿಟ್ಟಿಗೆ ಮಣ್ಣು ಆಮ್ಲೀಯವಾದದ್ದು. ಹಿಡಿದ ತಾಮ್ರ ಅಲ್ಲಿ ಮೆಲ್ಲನೆ ಬಿಟ್ಟುಕೊಂಡು ಬಸಿಗಾಲುವೆಯ ಮೂಲಕ ಅದೇ ಬಾವಿಗೆ ಮರಳೀತು. ಒಲೆಗೆ ಹಾಕಿದರೂ ಲೋಹ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿಯೂ ಕೊನೆಗೆ ತೋಟಕ್ಕೇ ಹೋಗುತ್ತದೆ. ಸದ್ಯಕ್ಕೆ ಮುಚ್ಚಳವಿರುವ ಡಬ್ಬದಲ್ಲಿ, ಮಳೆ ತಾಗದ ಕಡೆ, ತಾರೀಖು ಬರೆದು ಕೂಡಿಡಿ.