ಹೀಟರ್ ಪ್ಲಗ್ ಕೆಟ್ಟಿದೆಯೆಂದು ಬದಲಿಸುವ ಮೊದಲೇ ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ನನ್ನದು ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಕಾರು. ಚಳಿ ಶುರುವಾದಾಗಿನಿಂದ ಬೆಳಗಿನ ಹೊತ್ತು ಬಹಳ ಹೊತ್ತು ಸೆಲ್ಫ್ ಹೊಡೆದರಷ್ಟೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ಸ್ಟಾರ್ಟ್ ಆದ ಮೇಲೂ ಕೆಲ ಹೊತ್ತು ಒಂದು ಸಿಲಿಂಡರ್ ಕೈಕೊಟ್ಟಂತೆ ನಡುಗುತ್ತಾ, ಕಣ್ಣು ಉರಿಸುವ ಬಿಳಿ ಹೊಗೆ ಬಿಡುತ್ತದೆ. ಒಮ್ಮೆ ಬಿಸಿಯಾದರೆ ದಿನವಿಡೀ ಯಾವ ತೊಂದರೆಯೂ ಇಲ್ಲ. ಡ್ಯಾಶ್‌ಬೋರ್ಡಿನ ಸುರುಳಿ ಚಿಹ್ನೆಯ ದೀಪ ಎಂದಿನಂತೆಯೇ ಹತ್ತಿ ಆರುತ್ತಿರುವುದರಿಂದ ಹೀಟರ್ ಪ್ಲಗ್‌ಗಳು (ಸ್ಟಾರ್ಟ್ ಆಗಲು ಸಿಲಿಂಡರಿನೊಳಗನ್ನು ಕಾಯಿಸುವ ಪ್ಲಗ್‌ಗಳು) ಸರಿಯಾಗಿಯೇ ಇರಬೇಕೆಂದು ಭಾವಿಸಿದ್ದೆ. ಮೆಕ್ಯಾನಿಕ್ ಮಾತ್ರ ನಾಲ್ಕನ್ನೂ ಬದಲಿಸಲೇಬೇಕೆನ್ನುತ್ತಾರೆ. ಬಿಚ್ಚುವಾಗ ಪ್ಲಗ್ ಸಿಲಿಂಡರ್ ಹೆಡ್ಡಿನೊಳಗೇ ಮುರಿಯಬಹುದೆಂದು ಕೇಳಿದ ಮೇಲೆ ಕೈಹಾಕಲು ಹಿಂಜರಿಕೆಯಾಗಿದೆ. ಬಿಚ್ಚದೆಯೇ ದೋಷವನ್ನು ಪತ್ತೆಹಚ್ಚುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೊದಲಿಗೆ ಆ ದೀಪದ ವಿಷಯ. ಅನೇಕ ವಾಹನಗಳಲ್ಲಿ ಆ ದೀಪ ಹತ್ತಿರುವ ಅವಧಿಯನ್ನು ನಿರ್ಧರಿಸುವುದು ಕೂಲೆಂಟಿನ (ಎಂಜಿನ್ ತಂಪಿಡುವ ದ್ರವದ) ಉಷ್ಣತೆಯೇ ಹೊರತು ಪ್ಲಗ್‌ಗಳ ಸ್ಥಿತಿಯಲ್ಲ. ನಾಲ್ಕೂ ಪ್ಲಗ್ ಸತ್ತಿದ್ದರೂ ದೀಪ ಶಿಸ್ತಾಗಿ ಹತ್ತಿ ಆರಬಹುದು, ಆದ್ದರಿಂದ ಅದನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ.

ನೀವು ವಿವರಿಸಿದ ಲಕ್ಷಣಗಳು ಹೀಟರ್ ಪ್ಲಗ್ ದೋಷಕ್ಕೆ ಚೆನ್ನಾಗಿ ಹೊಂದುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇರುವುದಿಲ್ಲ; ಒತ್ತಿದ ಗಾಳಿಯ ಬಿಸಿಯೇ ಇಂಧನವನ್ನು ಹೊತ್ತಿಸಬೇಕು. ತಣ್ಣಗಿರುವ ಲೋಹ ಆ ಬಿಸಿಯನ್ನು ಹೀರಿಕೊಂಡಾಗ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಹೊರಬರುತ್ತದೆ. ಇಂಧನ ಮೊದಲು ಪುಟ್ಟ ಕೋಣೆಯೊಂದರಲ್ಲಿ ಹೊತ್ತುವ ಹಳೆಯ ಪ್ರೀಚೇಂಬರ್ ಎಂಜಿನ್‌ಗಳು ಪ್ಲಗ್ ಇಲ್ಲದೆ ಚಳಿಯಲ್ಲಿ ಸ್ಟಾರ್ಟ್ ಆಗುವುದೇ ಕಷ್ಟ. ನಿಮ್ಮದರಂತಹ ನೇರ ಇಂಜೆಕ್ಷನ್ ಎಂಜಿನ್‌ಗಳು ಹವೆ ಬೆಚ್ಚಗಿರುವಾಗ ಹೇಗೋ ಸಾಗಿಸಿಬಿಡುವುದರಿಂದ ದೋಷವು ಚಳಿಗಾಲದವರೆಗೆ ಅಡಗಿಕೊಂಡಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಅದು ಬೇರೆಯೇ ಕಾಯಿಲೆ.

ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಸಿಕ್ಕರೆ ಮೊದಲು ಅದನ್ನು ಜೋಡಿಸಿ ನೋಡಿ. ಪಿ0671ರಿಂದ ಪಿ0674ರವರೆಗಿನ ಕೋಡ್‌ಗಳು ಕ್ರಮವಾಗಿ ಒಂದರಿಂದ ನಾಲ್ಕನೆಯ ಸಿಲಿಂಡರಿನ ಪ್ಲಗ್ ಸರ್ಕ್ಯೂಟನ್ನು ಸೂಚಿಸುತ್ತವೆ. ಪಿ0670 ಬಂದರೆ ಪ್ಲಗ್‌ಗಳಿಗೆ ಕರೆಂಟ್ ಕೊಡುವ ಕಂಟ್ರೋಲ್ ಮಾಡ್ಯೂಲ್ ಕಡೆ ನೋಡಬೇಕು. ಆದರೆ ಕೋಡ್ ಹೇಳುವುದು ಸರ್ಕ್ಯೂಟಿನ ಬಗ್ಗೆ. ವೈರ್ ತುಂಡಾಗಿದ್ದರೂ ಅದೇ ಕೋಡ್ ಬರುವುದರಿಂದ ಕೈಯಾರೆ ಅಳೆಯುವುದು ಅನಿವಾರ್ಯ.

ಇಗ್ನಿಷನ್ ಆಫ್ ಮಾಡಿ, ಎಲ್ಲ ಪ್ಲಗ್‌ಗಳ ಕನೆಕ್ಷನ್ ತೆಗೆಯಿರಿ. ನಾಲ್ಕನ್ನೂ ಸೇರಿಸುವ ಲೋಹದ ಪಟ್ಟಿ ಇದ್ದರೆ ಅದನ್ನು ಪೂರ್ತಿ ಬಿಡಿಸಲೇಬೇಕು, ಇಲ್ಲವಾದರೆ ಒಂದರ ಅಳತೆಯಲ್ಲಿ ಉಳಿದವೂ ಸೇರಿಕೊಳ್ಳುತ್ತವೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಎರಡೂ ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಗುರುತು ಹಾಕಿಕೊಳ್ಳಿ. ಅದು ವೈರುಗಳದೇ ರೋಧ, ಮುಂದಿನ ಪ್ರತಿ ಅಳತೆಯಿಂದಲೂ ಅದನ್ನು ಕಳೆಯಬೇಕು. ಬಳಿಕ ಒಂದು ಮೊನೆಯನ್ನು ಪ್ಲಗ್ಗಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಸ್ವಚ್ಛ ಲೋಹಕ್ಕೂ ಹಿಡಿಯಿರಿ. ತಣ್ಣಗಿರುವ ಒಳ್ಳೆಯ ಪ್ಲಗ್ ಸಾಮಾನ್ಯವಾಗಿ ಒಂದು ಓಮ್‌ನ ಆಸುಪಾಸು, ಹೆಚ್ಚೆಂದರೆ ಎರಡು ತೋರಿಸುತ್ತದೆ. ಮೊನೆಗಳು ಯಾವುದಕ್ಕೂ ತಾಗದಿರುವಾಗಿನಂತೆಯೇ ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ಸುರುಳಿ ತುಂಡಾಗಿದೆ ಎಂದೇ ಅರ್ಥ.

ಉತ್ತರ 2

ಮೇಲಿನ ವಿಧಾನ ಸರಿಯಾದದ್ದೇ, ಆದರೆ ರೋಧ ಸರಿಯಿದ್ದ ಮಾತ್ರಕ್ಕೆ ಪ್ಲಗ್ ಸರಿಯಿದೆ ಎನ್ನುವಂತಿಲ್ಲ. ತುದಿ ಕಾಯದೆ ಮೇಲ್ಭಾಗ ಮಾತ್ರ ಕಾಯುವ ಪ್ಲಗ್ಗೂ ಓಮ್ ಅಳತೆಯಲ್ಲಿ ಪಾಸಾಗಬಹುದು. ಆದ್ದರಿಂದ ವೈರನ್ನು ಸುತ್ತಿ ಹಿಡಿದು ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಪ್ರತಿ ಪ್ಲಗ್ ಎಳೆಯುವ ಕರೆಂಟನ್ನೂ ನೋಡಿ. ಹನ್ನೆರಡು ವೋಲ್ಟ್ ದರ್ಜೆಯ ಲೋಹದ ಪ್ಲಗ್ ಆರಂಭದಲ್ಲಿ 15ರಿಂದ 20 ಆಂಪಿಯರ್ ಎಳೆದು, ಕಾದಂತೆಲ್ಲ ಅದರ ಅರ್ಧದಷ್ಟಕ್ಕೆ ಇಳಿಯುತ್ತದೆ. ನಿಖರ ಅಂಕಿಗಿಂತಲೂ ನಾಲ್ಕೂ ಒಂದೇ ರೀತಿ ನಡೆದುಕೊಳ್ಳುತ್ತಿವೆಯೇ ಎಂಬುದನ್ನೇ ಗಮನಿಸಿ. ಸಾಧಾರಣ ಮಲ್ಟಿಮೀಟರಿನ 10 ಆಂಪಿಯರ್ ತೂತಿನಲ್ಲಿ ಈ ಪರೀಕ್ಷೆ ಮಾಡಿದರೆ ಅದರ ಫ್ಯೂಸ್ ಹಾರುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೊಸ ಎಂಜಿನ್‌ಗಳ ಅನೇಕ ಪ್ಲಗ್‌ಗಳು 4.4, 5 ಅಥವಾ 7 ವೋಲ್ಟಿನವು, ಮಾಡ್ಯೂಲ್ ಅವುಗಳಿಗೆ ಕರೆಂಟನ್ನು ಅಳೆದು ಕೊಡುತ್ತದೆ. ಅಂಥ ಪ್ಲಗ್ಗನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಕೆಂಪಗಾಗುತ್ತದೆಯೇ ಎಂದು ನೋಡಲು ಹೋದರೆ ಚೆನ್ನಾಗಿದ್ದದ್ದೂ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಪ್ಲಗ್ಗಿನ ಮೈಮೇಲೆ ಅಥವಾ ವಾಹನದ ಮ್ಯಾನ್ಯುಯಲ್‌ನಲ್ಲಿ ವೋಲ್ಟೇಜ್ ನೋಡದೆ ಆ ಪರೀಕ್ಷೆಗೆ ಇಳಿಯಲೇಬೇಡಿ.

ನಾಲ್ಕೂ ಪ್ಲಗ್ ಸರಿಯಿದ್ದರೆ ರಿಲೇ, ದೊಡ್ಡ ಫ್ಯೂಸ್, ಮಾಡ್ಯೂಲ್ ಹಾಗೂ ಕೂಲೆಂಟ್ ಸೆನ್ಸರ್ ನೋಡಬೇಕಾಗುತ್ತದೆ. ಕರೆಂಟ್ ಬರುತ್ತಿದೆಯೇ ಎಂಬ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗಲೇ ಮಾಡಿ, ಏಕೆಂದರೆ ಬಿಸಿಯಿರುವಾಗ ಮಾಡ್ಯೂಲ್ ತಾನಾಗಿಯೇ ಕರೆಂಟ್ ಕೊಡದಿರಬಹುದು. ಬ್ಯಾಟರಿ ದುರ್ಬಲವಾಗಿದ್ದರೂ ಸ್ಟಾರ್ಟಿಂಗ್ ಹೀಗೆಯೇ ಕಾಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಳೆದು ನೋಡಿದೆ: ಮೂರು ಪ್ಲಗ್‌ಗಳು ಒಂದು ಓಮ್‌ಗಿಂತ ತುಸು ಕಡಿಮೆ ತೋರಿಸುತ್ತಿವೆ, ಮೂರನೆಯ ಸಿಲಿಂಡರಿನದು ಏನನ್ನೂ ತೋರಿಸುತ್ತಿಲ್ಲ. ಅದೊಂದನ್ನೇ ಬದಲಿಸಿದರೆ ಸಾಕೇ? ಮುರಿಯದಂತೆ ಬಿಚ್ಚುವುದು ಹೇಗೆ?

ಉತ್ತರ 3

ನಾಲ್ಕೂ ಒಟ್ಟಿಗೆ ಹಾಕಿದವಾಗಿದ್ದು ಸಾಕಷ್ಟು ಓಡಿದ್ದರೆ ನಾಲ್ಕನ್ನೂ ಬದಲಿಸುವುದು ಮೇಲೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿದ ಮೂರೂ ಅಷ್ಟೇ ಸವೆದಿರುತ್ತವೆ. ಆದರೆ ಅವುಗಳಲ್ಲಿ ಯಾವುದಾದರೂ ಬಿಚ್ಚಲು ಬಿಲ್‌ಕುಲ್ ಒಪ್ಪದಿದ್ದರೆ, ಕೆಲಸ ಮಾಡುತ್ತಿರುವ ಪ್ಲಗ್ಗನ್ನು ಬಲವಂತ ಮಾಡಿ ಮುರಿದುಕೊಳ್ಳುವುದಕ್ಕಿಂತ ಅಲ್ಲಿಯೇ ಬಿಡುವುದು ಜಾಣತನ.

ಬಿಚ್ಚುವುದಕ್ಕೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ತಾಳ್ಮೆ. ಹಿಂದಿನ ದಿನವೇ ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದು, ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ಮರುದಿನ ಎಂಜಿನ್ನನ್ನು ಚೆನ್ನಾಗಿ ಬಿಸಿಮಾಡಿ, ಆಫ್ ಮಾಡಿದ ಕೂಡಲೇ ತಿರುಗಿಸುವ ಬಲವನ್ನು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಚ್ಚಲು ಪ್ರಯತ್ನಿಸಿ. ಎಂ8 (ಅಂದರೆ 8 ಮಿ.ಮೀ. ಥ್ರೆಡ್ಡಿನ) ಪ್ಲಗ್ಗಿಗೆ 20, ಎಂ10ಕ್ಕೆ 35, ಎಂ12ಕ್ಕೆ 45 ನ್ಯೂಟನ್ ಮೀಟರ್ ಮೀರಿ ಬಲ ಹಾಕಬಾರದು. ಆ ಮಿತಿಯೊಳಗೆ ಅಲುಗದಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಟ್ಟು, ಮತ್ತೆ ಬಿಸಿಮಾಡಿ. ಅಲುಗಿದ ಕೂಡಲೇ ಪೂರ್ತಿ ತಿರುಗಿಸಿಬಿಡಬೇಡಿ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚುತ್ತಾ ಹೋದರೆ ಥ್ರೆಡ್ಡಿಗೆ ಅಂಟಿದ ಕಾರ್ಬನ್ ಪುಡಿಯಾಗಿ ದಾರಿ ಬಿಡುತ್ತದೆ. ಇದ್ದಕ್ಕಿದ್ದಂತೆ ಮೆತ್ತಗೆ, ಸ್ಪ್ರಿಂಗಿನಂತೆ ಕೈಗೆ ತಗುಲಿದರೆ ಪ್ಲಗ್ ತಿರುಗುತ್ತಿಲ್ಲ, ತಿರುಚಿಕೊಳ್ಳುತ್ತಿದೆ ಎಂದು ತಿಳಿದು ಕೈ ತೆಗೆಯಬೇಕು.

ಹೊರಬಂದ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಮಸಿ ಮಾತ್ರ ಇದ್ದರೆ ಚಿಂತೆಯಿಲ್ಲ. ತುದಿ ಕರಗಿದ್ದರೆ ಅಥವಾ ಒಂದು ಬದಿ ತಿಂದುಹೋಗಿದ್ದರೆ ಆ ಸಿಲಿಂಡರಿನ ಇಂಧನ ಚಿಮ್ಮಿಸುವ ಇಂಜೆಕ್ಟರ್ ಹನಿಸುತ್ತಿರಬಹುದು. ಅದನ್ನು ಸರಿಪಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಅದೇ ಗತಿ ಕಾಣುತ್ತದೆ. ತುದಿಯ ತುಣುಕೇ ಕಾಣೆಯಾಗಿದ್ದರೆ ಅದು ಸಿಲಿಂಡರಿನೊಳಗಿದೆಯೇ ಎಂದು ನೋಡುವವರೆಗೆ ಸ್ಟಾರ್ಟ್ ಮಾಡಬೇಡಿ.

ತೂತಿನಲ್ಲಿನ ಕಾರ್ಬನ್ನನ್ನು ಆ ಅಳತೆಯ ರೀಮರಿಗೆ (ತೂತಿನ ಒಳಬದಿಯನ್ನು ಕೆರೆಯುವ ಉಪಕರಣಕ್ಕೆ) ಗ್ರೀಸ್ ಹಚ್ಚಿ ತೆಗೆಯಬೇಕು, ಆಗ ಪುಡಿ ಒಳಗೆ ಬೀಳದೆ ಗ್ರೀಸಿಗೇ ಅಂಟಿ ಹೊರಬರುತ್ತದೆ. ಹೊಸ ಪ್ಲಗ್ಗನ್ನು ಕೊನೆಯವರೆಗೂ ಬೆರಳಿನಿಂದಲೇ ತಿರುಗಿಸಿ ಕೂರಿಸಿ, ನಂತರ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಎಂ10 ಆಗಿದ್ದರೆ ಅದು ಸಾಮಾನ್ಯವಾಗಿ 15 ನ್ಯೂಟನ್ ಮೀಟರಿನ ಆಸುಪಾಸು. ಮೇಲಿನ ಸಣ್ಣ ನಟ್ಟಿಗೆ ಎರಡು ಮೂರು ನ್ಯೂಟನ್ ಮೀಟರ್ ಸಾಕು. ಸೆರಾಮಿಕ್ ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬಳಸಬೇಡಿ.

ಇನ್ನು ರಿಪೇರಿ ಆಗುವವರೆಗೆ ಸ್ಟಾರ್ಟ್ ಮಾಡಲೆಂದು ಗಾಳಿಯ ಪೈಪಿಗೆ ಈಥರ್ ಸ್ಪ್ರೇ ಹೊಡೆಯುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ನಿಮ್ಮ ಮೂರು ಪ್ಲಗ್‌ಗಳು ಇನ್ನೂ ಕೆಂಪಗೆ ಕಾಯುತ್ತಿರುವುದರಿಂದ ಈಥರ್ ಹೊತ್ತಲ್ಲದ ಹೊತ್ತಿನಲ್ಲಿ ಸ್ಫೋಟಿಸಿ ಪಿಸ್ಟನ್ನನ್ನೇ ಹಾಳುಮಾಡಬಲ್ಲದು.