ರೇಡ್ ಯಾರಿಗೆ ಕಷ್ಟವಾಗಬೇಕು? ನಮ್ಮ ಮನೆಯ ಗುಂಪಿನಲ್ಲಿ ಒಂದು ರಾತ್ರಿ

ತಮ್ಮ: ಈಗ ಕಳುಹಿಸಿದ ಲೇಖನವನ್ನು ಎಲ್ಲರೂ ಓದಿ. ಆನ್‌ಲೈನ್ ಆಟಗಳಲ್ಲಿ ದೊಡ್ಡ ತಂಡ ಕಟ್ಟಿ ಆಡುವ ರೇಡ್‌ಗಳನ್ನು ಎಲ್ಲ ಆಟಗಾರರ ಕೈಗೆಟುಕುವಷ್ಟು ಸುಲಭ ಮಾಡಬೇಕು ಎಂದು ಬರೆದಿದ್ದಾರೆ. ನನಗೆ ಸರಿಯೆನಿಸಿತು. ಚಂದಾ ಹಣ ಎಲ್ಲರೂ ಒಂದೇ ಕಟ್ಟುತ್ತೇವೆ, ಕೊನೆಯ ಬಾಸ್, ಅಂದರೆ ಎಲ್ಲಕ್ಕಿಂತ ಬಲಿಷ್ಠ ಶತ್ರು, ಮಾತ್ರ ಕೆಲವರಿಗೇ ಕಾಣುತ್ತದೆ.

ಭಾವ: ಓದಿದೆ, ಒಪ್ಪುವುದಿಲ್ಲ. ವಾರಕ್ಕೆ ಮೂರು ರಾತ್ರಿ ಕುಳಿತು, ಒಂದೇ ಬಾಸ್ ಮುಂದೆ ನೂರಾರು ಸಲ ಸತ್ತು ಗೆಲ್ಲುತ್ತೇವೆ. ನಾಳೆ ಅದನ್ನೇ ಯಾರು ಬೇಕಾದರೂ ಕೆಡವಬಹುದು ಎಂದಾದರೆ ಆ ರಾತ್ರಿಗಳಿಗೆ ಏನು ಬೆಲೆ?

ಅಕ್ಕ: ನಿಮ್ಮ ರಾತ್ರಿಗಳ ಬೆಲೆಯನ್ನು ನನ್ನ ಸೋಲಿನಿಂದ ಏಕೆ ಅಳೆಯಬೇಕು? ಆ ಮೂರು ರಾತ್ರಿ ಮಗುವನ್ನು ಮಲಗಿಸುವವಳು ನಾನು.

ಚಿಕ್ಕಪ್ಪ: ಜಗಳ ಬೇಡ. ನನ್ನದೊಂದು ಹಳೆಯ ಮಾತು ಕೇಳಿ. 2006ರ ಜೂನ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ ನ್ಯಾಕ್ಸ್‌ರಾಮಸ್ ಎಂಬ ರೇಡ್ ಬಂತು. 40 ಜನ ಒಂದೇ ಹೊತ್ತಿಗೆ ಸೇರಬೇಕಿತ್ತು. ಜೇಡಗಳ ವಿಭಾಗದ ಮೊದಲ ಬಾಸ್ ಒಂದನ್ನು ನಾವು ಕೆಡವಿದೆವು, ಅಷ್ಟರಲ್ಲಿ ಜನವರಿ ಬಂತು, ಹೊಸ ವಿಸ್ತರಣೆ ಬಂತು, 60ನೆಯ ಲೆವೆಲ್‌ನ ರೇಡ್ ಯಾರಿಗೂ ಬೇಡವಾಯಿತು. ಅಷ್ಟು ದೊಡ್ಡ ಕೋಟೆಯನ್ನು ಬೆರಳೆಣಿಕೆಯ ಗಿಲ್ಡ್‌ಗಳಷ್ಟೇ, ಅಂದರೆ ಆಟಗಾರರ ಸಂಘಗಳಷ್ಟೇ, ಪೂರ್ತಿ ಕಂಡವು. 2008ರಲ್ಲಿ 10 ಮತ್ತು 25 ಜನರಿಗೆ ಹಗುರ ಮಾಡಿ ಮತ್ತೆ ತಂದಾಗ ನಾನು ಅದರ ಕೊನೆಯ ಬಾಸ್ ಕೆಲ್‌ಥುಜಾಡ್‌ನ ಎದುರು ಮೊದಲ ಸಲ ನಿಂತೆ. ತೀರಾ ಸುಲಭ ಎಂದು ಹಲವರು ಹಳಿದರು. ನನಗೆ ಅಂದು ಕೈ ನಡುಗುತ್ತಿತ್ತು.

ಭಾವ: ಮಾವ, ಆ ತಪ್ಪು ಮರುಕಳಿಸಬಾರದೆಂದೇ ಈಗ ರೇಡ್ ಫೈಂಡರ್, ನಾರ್ಮಲ್, ಹೀರೋಯಿಕ್, ಮಿಥಿಕ್ ಎಂದು ಸುಲಭದಿಂದ ಕಠಿಣದವರೆಗೆ ಬೇರೆಬೇರೆ ಮಟ್ಟಗಳಿವೆ. ಅವರವರಿಗೆ ಆಗುವುದನ್ನು ಅವರವರು ಆಡಲಿ. ಇನ್ನೇನು ಬೇಕು?

ನಾನು: ಭಾವ, ಮಟ್ಟಗಳಿವೆ, ನಿಜ. ಆದರೆ ಒಂದರಿಂದ ಇನ್ನೊಂದಕ್ಕೆ ಹತ್ತುವ ದಾರಿ ಇದೆಯೇ? 2011ರಲ್ಲಿ ಬಂದ ರೇಡ್ ಫೈಂಡರ್ ಅಪರಿಚಿತರಾದ 25 ಜನರನ್ನು ತಾನೇ ಕೂಡಿಸುತ್ತದೆ. ಸೋತರೆ ಮುಂದಿನ ಸಲ ಇಡೀ ಗುಂಪಿಗೆ ಬಲ ಹೆಚ್ಚಿಸಿಕೊಡುತ್ತದೆ. ಬಾಸ್ ಏನು ಮಾಡಿತು, ನಾವು ಏಕೆ ಗೆದ್ದೆವು ಎಂಬುದು ತಿಳಿಯುವ ಮೊದಲೇ ಲೂಟ್, ಅಂದರೆ ಗೆಲುವಿನ ಬಹುಮಾನ, ಕೈಯಲ್ಲಿರುತ್ತದೆ. ಬಿಡುವಿಲ್ಲದವರಿಗೆ ಇಷ್ಟು ಸಾಕು ಎಂದು ಯಾರೋ ತೀರ್ಮಾನಿಸಿದಂತಿದೆ, ನನಗೆ ಅದು ನೋವು ತರುತ್ತದೆ. ಅಲ್ಲಿ ಏನೂ ಕಲಿಯದವರು ಹೀರೋಯಿಕ್‌ಗೆ ಬಂದರೆ ಮೊದಲ ವೈಪ್‌ಗೇ, ಅಂದರೆ ಇಡೀ ತಂಡ ಸತ್ತ ಕೂಡಲೇ, ಬೈಗುಳ ತಿಂದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಗಿಲ್ಡ್ ವಾರ್ಸ್ 2 ಎಂಬ ಇನ್ನೊಂದು ಆಟದಲ್ಲಿ 2015ರಲ್ಲಿ 10 ಜನರ ರೇಡ್‌ಗಳು ಬಂದಾಗ ಕೆಳಗೆ ಮೆಟ್ಟಿಲೇ ಇರಲಿಲ್ಲ. ನಡುವಿನ ಮೆಟ್ಟಿಲಾಗಿ ಸ್ಟ್ರೈಕ್ ಮಿಷನ್‌ಗಳು ಬಂದದ್ದು 2019ರಲ್ಲಿ.

ತಮ್ಮ: ಹಾಗಾದರೆ ನೀನೂ ಸುಲಭ ಮಾಡಬೇಕು ಎನ್ನುತ್ತೀಯಲ್ಲ!

ನಾನು: ಏನನ್ನು ಸುಲಭ ಮಾಡುತ್ತಾರೆ ಎಂಬುದೇ ನನ್ನ ಪ್ರಶ್ನೆ. ಬಾಸ್‌ನ ಹೊಡೆತ ತಗ್ಗಲಿ, ಕಾಲಮಿತಿ ಸಡಿಲವಾಗಲಿ. ಆದರೆ ಓಡಬೇಕಾದ ಕಡೆ ಓಡುವುದು, ತಡೆಯಬೇಕಾದ ಮಂತ್ರವನ್ನು ತಡೆಯುವುದು ಎಲ್ಲ ಮಟ್ಟದಲ್ಲೂ ಉಳಿಯಲಿ. ಅವನ್ನೇ ಕಿತ್ತುಹಾಕಿದರೆ ಉಳಿಯುವುದು ಬಾಸ್‌ನ ಬೊಂಬೆ.

ಅಕ್ಕ: ಇನ್ನೊಂದು ಸೇರಿಸು. ಕೆಳಗಿನ ಮಟ್ಟಗಳಲ್ಲಿ ತಪ್ಪು ಮಾಡಿದವರು ಮಾತ್ರ ಸಾಯಬೇಕು, ತಂಡವಲ್ಲ. ನನಗೆ ಬಾಸ್‌ನ ಭಯವಿಲ್ಲ. ಮಗು ಎದ್ದು ಅತ್ತಾಗ ಹತ್ತು ಸೆಕೆಂಡು ಕೈ ಬಿಟ್ಟರೆ ಎಲ್ಲರೂ ನೆಲಕ್ಕೆ ಬೀಳುತ್ತಾರಲ್ಲ, ಆ ಭಯ. ಫೈನಲ್ ಫ್ಯಾಂಟಸಿ 14 ಆಟದ ಸ್ಯಾವೇಜ್ ಎಂಬ ಕಠಿಣ ಮಟ್ಟದಲ್ಲಿ ಇರುವುದೇ 8 ಜನ, ಒಬ್ಬರು ತಪ್ಪಿದರೆ ಎಷ್ಟೋ ಸಲ ಪಂದ್ಯವೇ ಮುಗಿಯಿತು. ಅದು ಅಲ್ಲಿರಲಿ, ಅದನ್ನು ಆರಿಸಿಕೊಂಡವರಿಗೆ ಇರಲಿ.

ಭಾವ: ಇದು ಒಪ್ಪತಕ್ಕ ಮಾತು. ಆದರೆ ಕಾಲಮಿತಿ ಸಡಿಲಿಸಿದರೆ ಯಾರೂ ಶ್ರಮ ಹಾಕುವುದಿಲ್ಲ.

ಚಿಕ್ಕಪ್ಪ: ಹಾಕುತ್ತಾರೆ. ವಾರ್‌ಕ್ರಾಫ್ಟ್‌ನ 2009ರ ಉಲ್ಡುವಾರ್ ರೇಡ್‌ನಲ್ಲಿ ಮಿಮಿರಾನ್ ಎಂಬ ಬಾಸ್‌ನ ಕೋಣೆಯಲ್ಲಿ ಒಂದು ಕೆಂಪು ಗುಂಡಿ ಇತ್ತು. ಒತ್ತದೆ ಬಿಟ್ಟರೆ ಸಾಮಾನ್ಯ ಹೋರಾಟ. ಒತ್ತಿದರೆ ಸ್ಫೋಟದ ಗಡಿಯಾರ ಓಡತೊಡಗುತ್ತದೆ, ಕೋಣೆ ತುಂಬ ಬೆಂಕಿ. ಯಾವ ಪಟ್ಟಿಯಿಂದಲೂ ಮಟ್ಟವನ್ನು ಆರಿಸಬೇಕಿರಲಿಲ್ಲ. ಒತ್ತೋಣವೇ ಬೇಡವೇ ಎಂದು ತಂಡವೇ ನಿಂತಲ್ಲಿ ತೀರ್ಮಾನಿಸುತ್ತಿತ್ತು. ಸಾಮಾನ್ಯ ಗೆಲುವು ಕೈಗೆ ಬಂದ ಮೇಲೆ ಎಲ್ಲರ ಕಣ್ಣೂ ಆ ಗುಂಡಿಯ ಮೇಲೆಯೇ. ಅದಕ್ಕಿಂತ ಚೆಂದದ ವಿನ್ಯಾಸ ನಾನು ಕಂಡಿಲ್ಲ.

ನಾನು: ಅದೇ ವರ್ಷದ ಕೊನೆಗೆ ಬಂದ ಐಸ್‌ಕ್ರೌನ್ ರೇಡ್ ನೆನಪಿಸಿಕೊಳ್ಳಿ, ಭಾವ. ಮೊದಲು ಪೂರ್ತಿ ಬಿಗಿ. ಆಮೇಲೆ ಎಲ್ಲರಿಗೂ ಶೇ. 5ರಷ್ಟು ಬಲ, ಮತ್ತೆ 5, ಹೀಗೆ ಶೇ. 30ರವರೆಗೆ. ಬೇಡವೆಂದವರು ಅದನ್ನು ತೆಗೆಸಿಕೊಳ್ಳಬಹುದಿತ್ತು. ಬಲವಿಲ್ಲದೆ ಮೊದಲೇ ಗೆದ್ದವರ ಗೆಲುವನ್ನು ಯಾರೂ ಕಸಿದುಕೊಳ್ಳಲಿಲ್ಲ. ನಿಮ್ಮ ರಾತ್ರಿಗಳಿಗೂ ಬೆಲೆ ಉಳಿಯಿತು, ತಡವಾಗಿ ಬಂದವರಿಗೂ ಅದರ ಕೊನೆಯ ಬಾಸ್ ಲಿಚ್ ಕಿಂಗ್ ಸಿಕ್ಕಿದ.

ತಮ್ಮ: ತಿಂಗಳುಗಟ್ಟಲೆ ಕಾಯಬೇಕಲ್ಲ. ಅಷ್ಟರಲ್ಲಿ ಎಲ್ಲರೂ ಅದರ ಮಾತನ್ನೇ ಬಿಟ್ಟಿರುತ್ತಾರೆ.

ಅಕ್ಕ: ನಾನು ಕಾಯಬಲ್ಲೆ. ಜನ ಸಿಗಬೇಕು. ಮಿಥಿಕ್‌ಗೆ ಎಣಿಸಿ 20 ಜನ ಬೇಕು, ನನ್ನಂಥವಳನ್ನು ಯಾರೂ ಕರೆಯುವುದಿಲ್ಲ, ಅದು ಸರಿಯೇ. ನಾರ್ಮಲ್‌ನಲ್ಲಿ 10ರಿಂದ 30ರವರೆಗೆ ಎಷ್ಟು ಜನ ಬಂದರೂ ಬಾಸ್ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ನಡುವೆ ಒಬ್ಬರು ಎದ್ದು ಹೋದರೂ ಆಟ ನಿಲ್ಲುವುದಿಲ್ಲ. ನನಗೆ ಬೇಕಾದದ್ದು ಅದು.

ನಾನು: ಅಕ್ಕ, ನಮ್ಮ ತಂಡ ಗುರುವಾರ 9 ಗಂಟೆಗೆ ನಾರ್ಮಲ್‌ಗೆ ಹೋಗುತ್ತದೆ. ತಂಡದವರ ಗಾಯ ಮಾಯಿಸುವ ಹೀಲರ್ ಒಬ್ಬರು ಕಡಿಮೆ ಇದ್ದಾರೆ.

ಅಕ್ಕ: ಗುರುವಾರ ಇವರ ರೇಡ್ ಇದೆ.

ಭಾವ: ಲೇಖನವನ್ನು ನಾನು ಈಗಲೂ ಒಪ್ಪುವುದಿಲ್ಲ. ಗುರುವಾರ ಬರುವುದಿಲ್ಲ ಎಂದು ನನ್ನ ತಂಡಕ್ಕೆ ತಿಳಿಸಿದ್ದೇನೆ. ಮಗು ನನ್ನ ಬಳಿ ಇರಲಿ, ನೀನು ಹೋಗು.

ತಮ್ಮ: ನನಗೂ ಒಂದು ಜಾಗ ಇದೆಯೇ?

ನಾನು: ಇದೆ. ಆದರೆ ಬಾಸ್‌ನ ಮಂತ್ರ ತಡೆಯುವ ಕೆಲಸ ನಿನ್ನದು.